ಪಾಠ ಹೇಳೋಕೆ ಇಂಗ್ಲಿಷರೇ ಆಗಬೇಕಾ?

ಓದುಗರೊಬ್ಬರ ಪತ್ರ: "ನಮ್ಮ ಮನೆಯವರ ಕೆಲಸಕ್ಕಾಗಿ ಹೊರದೇಶಕ್ಕೆ ಬಂದು ಎಂಟು ತಿಂಗಳಾಯಿತು. ಬೆಳಗ್ಗೆ 9ಕ್ಕೆ ಸ್ಕೂಲಿಗೆ ಹೋದ ಮಗು ಬರುವುದು ಮಧ್ಯಾಹ್ನ 3ಕ್ಕೆ. ಅಷ್ಟು ಹೊತ್ತು ಇಂಗ್ಲಿಷ್ ಪಾಠ ಹೇಳೋಣ ಅಂತ ಹನ್ನೊಂದು ಕಡೆ ಅರ್ಜಿ ಹಾಕಿದೆ. ಒಂಬತ್ತು ಕಡೆಯಿಂದ ಉತ್ತರವೇ ಇಲ್ಲ. ಎರಡು ಕಡೆ 'ನಿಮ್ಮ ಮಾತೃಭಾಷೆ ಇಂಗ್ಲಿಷ್ ಅಲ್ಲವಲ್ಲ' ಎಂದರು. ಸರ್ಟಿಫಿಕೇಟ್ ಕೋರ್ಸಿಗೆ ದುಡ್ಡು ಸುರಿಯಲೇ, ಆಸೆಯನ್ನೇ ಬಿಡಲೇ?" ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ.

ಸಂಪಾದಕರ ಉತ್ತರ:

ಆಸೆ ಬಿಡಬೇಡಿ. ಆದರೆ ಅರ್ಜಿ ಹಾಕುವುದನ್ನು ಒಂದು ವಾರ ನಿಲ್ಲಿಸಿ, ಮೊದಲು ನಿಮ್ಮ ವೀಸಾದಲ್ಲಿ ಏನು ಬರೆದಿದೆ ಓದಿ.

ಯಾವ ದೇಶ ಅಂತ ನೀವು ಬರೆದಿಲ್ಲ. ಎಲ್ಲ ನಿಂತಿರುವುದು ಅದರ ಮೇಲೆಯೇ. ಜರ್ಮನಿಗೆ ಸಂಗಾತಿಯ ಜೊತೆ ಬಂದವರಿಗೆ ಸಾಮಾನ್ಯವಾಗಿ ಕೆಲಸ ಮಾಡುವ ಅನುಮತಿಯೂ ಜೊತೆಗೇ ಬರುತ್ತದೆ. ಜಪಾನಿನಲ್ಲಿ ಡಿಪೆಂಡೆಂಟ್, ಅಂದರೆ ಸಂಗಾತಿಯ ಅವಲಂಬಿತರಾಗಿ ಬಂದವರು ಬೇರೆ ಅನುಮತಿ ಪಡೆದು ವಾರಕ್ಕೆ 28 ಗಂಟೆಯವರೆಗೆ ದುಡಿಯಬಹುದು. ಅಮೆರಿಕದಲ್ಲಿ ಕೆಲಸಕ್ಕೆ ಬಂದವರ ಸಂಗಾತಿಗೆ ಕೊಡುವ ಎಚ್-4 ವೀಸಾದವರಿಗೆ ಪ್ರತ್ಯೇಕ ಪರವಾನಗಿ ಬೇಕು, ಅದು ಎಲ್ಲರಿಗೂ ಸಿಗುವುದಿಲ್ಲ. ದಕ್ಷಿಣ ಕೊರಿಯಾದಲ್ಲಿ ಭಾಷಾ ಶಿಕ್ಷಕರಿಗೆ ಕೊಡುವ ಇ-2 ವೀಸಾ, ಇಂಗ್ಲಿಷಿನ ಮಟ್ಟಿಗೆ, ಹೆಚ್ಚುಕಡಿಮೆ ಏಳು ದೇಶದವರಿಗೆ ಮೀಸಲು: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಅಂಥ ಕಡೆ 'ಆಗಲ್ಲ' ಅಂದರೆ ಅದು ನಿಮ್ಮ ಇಂಗ್ಲಿಷಿಗೆ ಕೊಟ್ಟ ಮಾರ್ಕ್ಸ್ ಅಲ್ಲ, ಅಲ್ಲಿನ ಕಾನೂನು. ಹಾಗೆಯೇ, ಮನೆಯಲ್ಲೇ ಕೂತು ಆನ್‌ಲೈನ್ ಪಾಠ ಮಾಡಿದರೆ ಯಾರಿಗೆ ಗೊತ್ತಾಗುತ್ತೆ ಅನ್ನಬೇಡಿ. ತುಂಬ ದೇಶಗಳಲ್ಲಿ ಅದೂ ಕೆಲಸವೇ. ವಲಸೆ ಕಚೇರಿಗೆ ಇಮೇಲ್ ಮಾಡಿ, ಬಂದ ಉತ್ತರವನ್ನು ಜೋಪಾನವಾಗಿಡಿ.

ಇನ್ನು ಆ ಎರಡು ಕಡೆಯವರ ಮಾತು. ಬೇಜಾರಾಗಿದೆ ಅಲ್ವಾ? ನಾನೂ ಮೂರು ವರ್ಷ ಹೊರಗಿದ್ದು ಇದೇ ಕೆಲಸ ಮಾಡಿದವನು. ಒಂದು ಸಂಸ್ಥೆಯವರು ಫೋನಿನಲ್ಲಿ ನನ್ನ ಹೆಸರು ಕೇಳಿದ್ದೇ ತಡ, 'ಜಾಗ ಭರ್ತಿಯಾಯಿತು' ಎಂದರು. 'ಶಿಕ್ಷಕರು ಬೇಕಾಗಿದ್ದಾರೆ' ಅನ್ನುವ ಚೀಟಿ ಮಾತ್ರ ಅವರ ಬಾಗಿಲ ಮೇಲೆ ಇನ್ನೂ ಎರಡು ತಿಂಗಳು ಇತ್ತು. ದಿನಾ ಅದರ ಮುಂದೆಯೇ ಓಡಾಡುತ್ತಿದ್ದೆ.

ನನ್ನ ಮೊದಲ ವಿದ್ಯಾರ್ಥಿ ಒಬ್ಬ ಎಂಜಿನಿಯರ್. ರಾತ್ರಿಯೆಲ್ಲ ಕೂತು ಮೂರು ಪುಟ ವ್ಯಾಕರಣ ಬರೆದುಕೊಂಡು ಹೋದೆ. ಒಂದು ಗಂಟೆಯ ಪಾಠದಲ್ಲಿ ಮುಕ್ಕಾಲು ಗಂಟೆ ನಾನೇ ಮಾತಾಡಿದೆ. ಕೊನೆಗೆ ಆತ ಮೆಲ್ಲಗೆ ಕೇಳಿದ: 'ಮೀಟಿಂಗಿನಲ್ಲಿ ಒಬ್ಬರು ಮಾತಾಡ್ತಾ ಇರುವಾಗ ಮಧ್ಯೆ ಬಾಯಿ ಹಾಕಬೇಕಾದರೆ ಏನನ್ನಬೇಕು?' ಅದಕ್ಕೆ ನಾನು ತಯಾರಾಗಿರಲಿಲ್ಲ. ದುಡ್ಡು ಕೊಟ್ಟು ಹೋದವನು ತಿರುಗಿ ಬರಲಿಲ್ಲ. ಅಲ್ಲಿ ಸೋತದ್ದು ನನ್ನ ಮಾತೃಭಾಷೆಯಿಂದಲ್ಲ.

ಎರಡನೆಯವರು ಇಂಗ್ಲಿಷ್ ಎಷ್ಟು ಬರುತ್ತೆ ಅಂತ ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆಗೆ ಓದುತ್ತಿದ್ದ ನರ್ಸ್. ಅದರ ಮಾತಿನ ಪರೀಕ್ಷೆಯ ಎರಡನೇ ಭಾಗದಲ್ಲಿ ಒಂದು ವಿಷಯದ ಚೀಟಿ ಕೊಡುತ್ತಾರೆ. ಯೋಚಿಸಲು 1 ನಿಮಿಷ, ಆಮೇಲೆ 2 ನಿಮಿಷದವರೆಗೆ ಒಬ್ಬರೇ ಮಾತಾಡಬೇಕು. ನಾನು ಗಡಿಯಾರ ಹಿಡಿದು ಕೂತೆ. ಆಕೆ 40 ಸೆಕೆಂಡಿಗೆ ನಿಂತುಬಿಟ್ಟರು. ಮಾತಿನ ಮಧ್ಯೆ 'ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ' ಅಂದಿದ್ದರು. ಹಿಂದಿನ ಮೇಷ್ಟ್ರು, ಹುಟ್ಟಾ ಇಂಗ್ಲಿಷ್‌ನವರು, 'ಅದು ಕಿವಿಗೆ ಸರಿಯಾಗಿ ಕೇಳಲ್ಲ' ಅಂತ ಹೇಳಿ ಬಿಟ್ಟಿದ್ದರಂತೆ. ಯಾಕೆ ಸರಿಯಲ್ಲ ಅಂತ ನನಗೆ ಗೊತ್ತಿತ್ತು, ಸ್ಕೂಲಲ್ಲಿ ಅದೇ ತಪ್ಪಿಗೆ ಬೈಸಿಕೊಂಡಿದ್ದೆನಲ್ಲ! ನಿನ್ನೆ ಅಂತ ಹೊತ್ತು ಗೊತ್ತುಮಾಡಿದ ಮೇಲೆ 'ಹ್ಯಾವ್' ಬರೋದಿಲ್ಲ. ಹೊತ್ತು ಹೇಳದಿದ್ದರೆ ಬರಬಹುದು. ಆಕೆ ಅದನ್ನು ಬರೆದುಕೊಂಡರು. ಐದು ತಿಂಗಳು ಬಂದರು, ಇನ್ನಿಬ್ಬರನ್ನು ಕರೆತಂದರು.

ಇಂಗ್ಲಿಷನ್ನು ಕಲಿತು ಪಡೆದವರಿಗೆ ಅದರ ಹಳ್ಳಕೊಳ್ಳ ಎಲ್ಲಿವೆ ಅಂತ ಗೊತ್ತಿರುತ್ತದೆ. ಸಂಸ್ಥೆಗಳಿಗೆ ಇದನ್ನು ಅರ್ಜಿಯಲ್ಲಿ ಬರೆದು ಮನವರಿಕೆ ಮಾಡುವುದು ಕಷ್ಟ. ಎದುರು ಕೂತ ಒಬ್ಬ ವಿದ್ಯಾರ್ಥಿಗೆ ಅರ್ಧ ಗಂಟೆ ಸಾಕು. ಅದಕ್ಕೇ ಅರ್ಜಿ ಬಿಟ್ಟು ಒಬ್ಬ ವಿದ್ಯಾರ್ಥಿಯನ್ನು ಹುಡುಕಿ ಅನ್ನುತ್ತಿದ್ದೇನೆ.

ಇಲ್ಲೊಂದು ತೊಡಕಿದೆ, ಬಹುಶಃ ನೀವು ಗಮನಿಸಿಲ್ಲ. ನಿಮಗೆ ಬಿಡುವು 9ರಿಂದ 3. ಆ ಹೊತ್ತಿನಲ್ಲಿ ಮಕ್ಕಳು ಸ್ಕೂಲಲ್ಲಿ, ದೊಡ್ಡವರು ಆಫೀಸಲ್ಲಿ. ಪಾಠದ ಸಂಸ್ಥೆಗಳಿಗೆ ಜನ ಬೇಕಾಗುವುದು ಜಾಸ್ತಿ ಸಂಜೆ ಮತ್ತು ಶನಿವಾರ. ಆ ಒಂಬತ್ತು ಕಡೆಯವರು ನಿಮ್ಮ ಸಮಯ ನೋಡಿಯೇ ಅರ್ಜಿ ಪಕ್ಕಕ್ಕಿಟ್ಟಿರಬಹುದು. ಹಾಗಾದರೆ ಬೆಳಗ್ಗೆ ಬಿಡುವಾಗಿರೋರು ಯಾರು? ರಿಟೈರ್ ಆದವರು. ಶಿಫ್ಟ್ ಕೆಲಸದವರು, ನನ್ನ ನರ್ಸ್ ಕೂಡ ರಾತ್ರಿ ಪಾಳಿ ಮುಗಿಸಿ ಹತ್ತಕ್ಕೆ ಬರುತ್ತಿದ್ದರು. ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಹೋಗುವ ತಾಯಂದಿರು. ಊಟದ ಬಿಡುವಿನಲ್ಲಿ ನಾಲ್ಕು ಜನರನ್ನು ಕೂರಿಸಿ ಕಲಿಸಲು ಒಪ್ಪುವ ಸಣ್ಣ ಕಂಪನಿಗಳು. ಇವರನ್ನು ಹುಡುಕಿ. ಸ್ಕೂಲಿನ ಗೇಟು, ಲೈಬ್ರರಿಯ ನೋಟಿಸ್ ಬೋರ್ಡು, ಸುಮ್ನೆ ಪರಿಚಯದವರ ಬಾಯಿಮಾತು ಸಾಕು. ಚೀಟಿಯಲ್ಲಿ 'ಇಂಗ್ಲಿಷ್ ಪಾಠ' ಅಂತಷ್ಟೇ ಬರೆಯಬೇಡಿ. 'ಇಂಟರ್‌ವ್ಯೂಗೆ ತಯಾರಿ', 'ಫೋನಿನಲ್ಲಿ ಇಂಗ್ಲಿಷ್' ಅಂತ ಬರೆಯಿರಿ.

ಆನ್‌ಲೈನ್ ಬೇಕೆಂದರೆ ಐಟಾಕಿ, ಪ್ರೆಪ್ಲಿಯಂಥ ತಾಣಗಳಿವೆ. ಕಮಿಷನ್ ಎಷ್ಟು, ಮೊದಲ ಪಾಠದ ಹಣ ಯಾರಿಗೆ ಅನ್ನುವುದನ್ನು ಮೊದಲೇ ಓದಿಕೊಳ್ಳಿ. ಚೀನಾದ ಮಕ್ಕಳಿಗೆ ಪಾಠ ಹೇಳಿ ಚೆನ್ನಾಗಿ ಸಂಪಾದಿಸಿ ಅನ್ನುವ ಹಳೆಯ ಸಲಹೆ ಈಗಲೂ ಓಡಾಡುತ್ತಿದೆ. ಹೊರದೇಶದಲ್ಲಿ ಕೂತವರಿಂದ ಪಾಠ ಹೇಳಿಸುವುದನ್ನು ಅಲ್ಲಿನ ಸರ್ಕಾರ 2021ರ ಜುಲೈನಲ್ಲೇ ನಿಷೇಧಿಸಿತು. ಆ ಬಾಗಿಲು ತಟ್ಟಬೇಡಿ.

ಸರ್ಟಿಫಿಕೇಟ್ ಈಗ ಬೇಡ. ವಾರಾಂತ್ಯದಲ್ಲಿ ಮುಗಿಯುವ ಅಗ್ಗದ ಆನ್‌ಲೈನ್ ಕೋರ್ಸಂತೂ ಬೇಡವೇ ಬೇಡ. ಒಳ್ಳೆಯ ಸಂಸ್ಥೆಗಳು ಕೇಳುವುದು ಇಂಗ್ಲಿಷ್ ಕಲಿಸುವವರಿಗೆಂದೇ ಇರುವ ಎರಡು ಸರ್ಟಿಫಿಕೇಟ್, ಕೇಂಬ್ರಿಡ್ಜಿನ ಸೆಲ್ಟಾ ಅಥವಾ ಟ್ರಿನಿಟಿಯ ಸರ್ಟ್-ಟೆಸಾಲ್. ಸೆಲ್ಟಾ ಕನಿಷ್ಠ 120 ಗಂಟೆಯ ಕೋರ್ಸು. ಅದರಲ್ಲಿ 6 ಗಂಟೆ ನಿಜವಾದ ವಿದ್ಯಾರ್ಥಿಗಳಿಗೆ ನೀವು ಪಾಠ ಹೇಳಬೇಕು, ಹಿಂದೆ ಕೂತು ತರಬೇತುದಾರರು ನೋಡುತ್ತಾರೆ. ಮಾತೃಭಾಷೆ ಇಂಗ್ಲಿಷೇ ಆಗಿರಬೇಕೆಂದಿಲ್ಲ, ಇಂಗ್ಲಿಷ್ ಗಟ್ಟಿಯಾಗಿದ್ದರೆ ಸಾಕು. ಆದರೆ ದುಬಾರಿ. ಇಬ್ಬರು ಮೂವರಿಗೆ ಕೆಲವು ತಿಂಗಳು ಪಾಠ ಹೇಳಿ ನೋಡಿ. ಈ ಕೆಲಸ ಇಷ್ಟವಾಯಿತು, ಸಂಸ್ಥೆಯಲ್ಲೇ ಸೇರಬೇಕು ಅನ್ನಿಸಿದರೆ ಆಗ ಕೋರ್ಸಿಗೆ ದುಡ್ಡು ಕಟ್ಟಿ.

ದುಡ್ಡಿನ ಮಾತು ಆಡೋಕೆ ಸಂಕೋಚ ಪಡಬೇಡಿ. ಓಡಾಟ, ತಯಾರಿ ಎರಡನ್ನೂ ಗಂಟೆಯ ಲೆಕ್ಕಕ್ಕೆ ಸೇರಿಸಿ, ಇಲ್ಲದಿದ್ದರೆ ಒಂದು ಗಂಟೆಯ ಸಂಬಳಕ್ಕೆ ಮೂರು ಗಂಟೆ ದುಡಿಯುತ್ತೀರಿ. ನಾಲ್ಕು ಪಾಠದ ಹಣ ಮೊದಲೇ ತೆಗೆದುಕೊಳ್ಳಿ. 24 ಗಂಟೆ ಮುಂಚೆ ತಿಳಿಸದೆ ತಪ್ಪಿಸಿಕೊಂಡರೆ ಆ ಪಾಠ ಹೋಯಿತು ಅಂತ ಮೊದಲ ದಿನವೇ ಹೇಳಿ. ನಾನು ಹೇಳದೆ, ಒಂದು ಇಡೀ ಚಳಿಗಾಲ ಖಾಲಿ ಕುರ್ಚಿಯ ಎದುರು ಕಾಫಿ ಕುಡಿದಿದ್ದೇನೆ.

ಯಾವ ದೇಶ, ವೀಸಾದಲ್ಲಿ ಕೆಲಸದ ಬಗ್ಗೆ ಏನು ಬರೆದಿದೆ ಅನ್ನುವುದನ್ನು ಮುಂದಿನ ಪತ್ರದಲ್ಲಿ ತಿಳಿಸಿ.