ಸಾಹಸಕ್ಕೂ ದಂಡವೇ?
ಮನುಸ್ಮೃತಿಯ ಅನುವಾದದಲ್ಲಿ ‘ಸಾಹಸ ಮಾಡಿದವನಿಗೆ ದಂಡ’ ಅಂತ ಇದೆ, ಅಚ್ಚಿನ ತಪ್ಪಾ ಅಂತ ಕೇಳಿದ್ದೀರಿ. ತಪ್ಪಲ್ಲ, ಅಲ್ಲಿ ಸಾಹಸ ಅಂದರೆ ಅಪರಾಧವೇ.

ಮೂಲದಲ್ಲಿ ‘ಸಹಸ್’ ಅಂದರೆ ಬಲ. ಋಗ್ವೇದ ಅಗ್ನಿಯನ್ನು ಬಲದ ಮಗ ಅಂತ ಕರೆಯೋದು ಇದೇ ಪದದಿಂದ. ಆ ಬಲವನ್ನು ಇನ್ನೊಬ್ಬರ ಮೇಲೆ ತೋರಿಸಿದರೆ ಅದು ಸಾಹಸ. ಮನು ಗೆರೆ ಎಳೆದು ಹೇಳುತ್ತಾನೆ: ಒಡೆಯನ ಎದುರಿಗೇ ಬಲವಂತವಾಗಿ ಕಿತ್ತುಕೊಂಡರೆ ಸಾಹಸ, ಅವನಿಲ್ಲದಾಗ ಎತ್ತಿಕೊಂಡರೆ ಕಳವು. ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಇದೇ ವಿಂಗಡಣೆ. ಸ್ವಾರಸ್ಯ ಏನಂದರೆ, ದಂಡದ ಮೊತ್ತಕ್ಕೂ ಅದೇ ಹೆಸರು ಬಂತು: ಮನುವಿನಲ್ಲಿ ಪ್ರಥಮ ಸಾಹಸ 250 ಪಣ (ಆಗಿನ ನಾಣ್ಯ), ಮಧ್ಯಮ 500, ಉತ್ತಮ 1000. ಹಾಗಾಗಿ ‘ಉತ್ತಮ ಸಾಹಸ’ ಅಂತ ಕಂಡರೆ ಶಹಬಾಸ್ ಅನ್ನಬೇಡಿ, ಅದು ದೊಡ್ಡ ಜುಲ್ಮಾನೆ!

ಹೊಗಳಿಕೆಯ ಅರ್ಥವೂ ಹೊಸದೇನಲ್ಲ. ಹತ್ತನೇ ಶತಮಾನದ ಕೊನೆಯ ಹೊತ್ತಿಗೆ ರನ್ನನ ಗದಾಯುದ್ಧಕ್ಕೆ ‘ಸಾಹಸಭೀಮ ವಿಜಯ’ ಅನ್ನೋ ಹೆಸರೂ ಇತ್ತು. ಭೀಮನ ಜೊತೆ ಚಾಲುಕ್ಯ ದೊರೆ ಸತ್ಯಾಶ್ರಯನನ್ನೂ ಮೆರೆಸುವ ಕಾವ್ಯ ಅದು, ಅಲ್ಲಿ ಬೈಗುಳಕ್ಕೆ ಜಾಗವೆಲ್ಲಿ? ನನಗನ್ನಿಸುವಂತೆ, ಅದೇ ಬಲಪ್ರಯೋಗ ನ್ಯಾಯಸಭೆಯಲ್ಲಿ ಅಪರಾಧ, ರಣರಂಗದಲ್ಲಿ ಗುಣ. ನಮಗೆ ಹೆಚ್ಚಾಗಿ ಉಳಿದದ್ದು ಎರಡನೆಯದು.

ಹಳೆಯ ಕಹಿ ‘ದುಸ್ಸಾಹಸ’ದಲ್ಲಿ ಇನ್ನೂ ಸ್ವಲ್ಪ ಇದೆ. ‘ಹರಸಾಹಸ’ದಲ್ಲಂತೂ ಶೌರ್ಯವೂ ಇಲ್ಲ, ಅಪರಾಧವೂ ಇಲ್ಲ, ಬರೀ ಒದ್ದಾಟ.