ಪ್ರಬಂಧ ಬರೆಯುವುದನ್ನು ಕಲಿಸುವುದು ಹೇಗೆ?

ಪ್ರಶ್ನೆ: ನಾನು ಬ್ಯಾಡಗಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ. ಒಂಬತ್ತನೆಯ ತರಗತಿಯ ಮಕ್ಕಳು ‘ಗ್ರಂಥಾಲಯಗಳ ಮಹತ್ವ’ದಂತಹ ಪ್ರಬಂಧವನ್ನು ಗೈಡ್ ನೋಡಿ ಕಂಠಪಾಠ ಮಾಡಿ ಚೆನ್ನಾಗಿಯೇ ಬರೆಯುತ್ತಾರೆ, ಗೈಡಿನಲ್ಲಿ ಇಲ್ಲದ ವಿಷಯ ಕೊಟ್ಟರೆ ನಾಲ್ಕು ಸಾಲಿಗೆ ನಿಲ್ಲಿಸುತ್ತಾರೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಹೇಳಿಕೊಟ್ಟಿದ್ದೇನೆ, ವ್ಯಾಕರಣವನ್ನೂ ಮತ್ತೆ ಮಾಡಿಸಿದ್ದೇನೆ. ಇನ್ನೇನು ಮಾಡಬಹುದು?

ಉತ್ತರ: ಪೀಠಿಕೆ, ನಿರೂಪಣೆ, ಉಪಸಂಹಾರ ಎಂಬುವು ಬರೆದು ಮುಗಿದ ಪ್ರಬಂಧದ ಭಾಗಗಳೇ ಹೊರತು ಬರೆಯುವ ದಾರಿಯಲ್ಲ. ವಿಷಯ ಕೊಟ್ಟಾಗ ಮೊದಲು ಏನನ್ನು ನೆನೆಯಬೇಕು, ನೆನೆದದ್ದರಲ್ಲಿ ಯಾವುದನ್ನು ಬಿಡಬೇಕು, ಬರೆದ ಮೇಲೆ ಎಲ್ಲಿ ತಿದ್ದಬೇಕು ಎಂಬುದನ್ನು ಮಕ್ಕಳು ಎಂದೂ ಕಣ್ಣಾರೆ ಕಂಡಿರುವುದಿಲ್ಲ, ಏಕೆಂದರೆ ಅವರು ನೋಡಿರುವುದೆಲ್ಲ ಅಚ್ಚಾದ ಬರಹ.

ಆದ್ದರಿಂದ ತಾವು ಅವರೆದುರಿಗೇ ಬೋರ್ಡಿನ ಮೇಲೆ ಬರೆಯಬೇಕು, ಅದೂ ಮನಸ್ಸಿನಲ್ಲಿ ನಡೆಯುವುದನ್ನು ಬಾಯಿಬಿಟ್ಟು ಹೇಳುತ್ತ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯನ್ನೇ ವಿಷಯವಾಗಿ ತೆಗೆದುಕೊಳ್ಳಿ. ಚೀಲಗಳ ಸಾಲು, ಹಮಾಲರು, ಘಾಟು, ಖಾರ ಕಡಿಮೆ ಬಣ್ಣ ಹೆಚ್ಚು ಎಂಬ ಹೆಸರು, 2011ರಲ್ಲಿ ದೊರೆತ ಭೌಗೋಳಿಕ ಸೂಚಕ ಮಾನ್ಯತೆ ಎಂದು ಮಕ್ಕಳು ಹೇಳಿದ್ದನ್ನೆಲ್ಲ ಒಂದು ಬದಿಗೆ ಚುಟುಕಾಗಿ ಬರೆದುಕೊಂಡು, ‘ಈ ಮಾರುಕಟ್ಟೆಯನ್ನು ಎಂದೂ ನೋಡದವರಿಗೆ ಮೊದಲು ಯಾವುದನ್ನು ಹೇಳಲಿ?’ ಎಂದು ಗಟ್ಟಿಯಾಗಿ ಕೇಳಿಕೊಳ್ಳಿ. ‘ನಮ್ಮ ಮಾರುಕಟ್ಟೆ ಬಹಳ ದೊಡ್ಡದು’ ಎಂದು ಬರೆಯಿರಿ. ಬೇರೆ ಊರಿನವರೂ ಹೀಗೆಯೇ ಹೇಳಿಕೊಳ್ಳುತ್ತಾರಲ್ಲ ಎಂದು ಅದನ್ನು ಹೊಡೆದುಹಾಕಿ, ‘ಮಾರುಕಟ್ಟೆಯ ಗೇಟು ಕಾಣುವ ಮೊದಲೇ ಸೀನು ಬರುತ್ತದೆ’ ಎಂದು ಬರೆಯಿರಿ. ಟೀಚರೂ ಹೊಡೆದುಹಾಕಿ ಬರೆಯುತ್ತಾರೆ ಎಂದು ಕಂಡ ಮಕ್ಕಳ ಅಂಜಿಕೆ ಅಲ್ಲಿಗೇ ಅರ್ಧ ಇಳಿಯುತ್ತದೆ.

ಅಮೆರಿಕದ ಶಿಕ್ಷಣ ಸಂಶೋಧಕರಾದ ಕರೆನ್ ಹ್ಯಾರಿಸ್ ಮತ್ತು ಸ್ಟೀವ್ ಗ್ರಹಾಂ ರೂಪಿಸಿದ ಬೋಧನಾ ಕ್ರಮದಲ್ಲಿಯೂ ಹೀಗೆ ಮಾಡಿ ತೋರಿಸುವುದು ಒಂದು ಮುಖ್ಯ ಹಂತ. ಆಮೇಲೆ ಮಕ್ಕಳು ಬರೆಯುವ ಹೆಜ್ಜೆಗಳನ್ನು ಬಾಯಿಪಾಠ ಮಾಡುತ್ತಾರೆ (ತಮ್ಮ ಮಕ್ಕಳಿಗೆ ಇದಂತೂ ಕಷ್ಟವಾಗಲಾರದು), ಶಿಕ್ಷಕರ ನೆರವಿನಿಂದ ಬರೆಯುತ್ತಾರೆ, ನೆರವು ಕಡಿಮೆಯಾದಂತೆ ಸ್ವತಂತ್ರವಾಗಿ ಬರೆಯತೊಡಗುತ್ತಾರೆ. ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ 2007ರಲ್ಲಿ ಪ್ರಕಟಿಸಿದ ವರದಿಯು, ನಾಲ್ಕರಿಂದ ಹನ್ನೆರಡನೆಯ ತರಗತಿಯವರೆಗಿನ ಅಧ್ಯಯನಗಳನ್ನು ಪರಿಶೀಲಿಸಿ, ಯೋಜಿಸುವ ಮತ್ತು ತಿದ್ದುವ ಬಗೆಯನ್ನು ನೇರವಾಗಿ ಕಲಿಸುವುದರಿಂದ ಬರವಣಿಗೆ ಗಣನೀಯವಾಗಿ ಸುಧಾರಿಸುತ್ತದೆ, ಬರವಣಿಗೆಯಿಂದ ಬೇರ್ಪಡಿಸಿ ಕಲಿಸಿದ ವ್ಯಾಕರಣದಿಂದ ಅಂತಹ ಲಾಭವಿಲ್ಲ ಎಂದು ಹೇಳಿತು. ಇದರಿಂದ ಕನ್ನಡದ ಸಂಧಿ ಸಮಾಸಗಳನ್ನು ಕೈಬಿಡಬೇಕೆಂದು ತಿಳಿಯಬಾರದು. ಅವುಗಳ ಅಭ್ಯಾಸವನ್ನು ಮಕ್ಕಳದೇ ವಾಕ್ಯಗಳಲ್ಲಿ ಮಾಡಿಸಿದರೆ ಸಾಕು.

ತಿದ್ದುವಾಗ ಮೊದಲ ಕರಡಿನಲ್ಲಿ ಕಾಗುಣಿತವನ್ನು ಮುಟ್ಟದೆ, ‘ಈ ಸಾಲಿನಲ್ಲಿ ಏನು ಕಂಡಿರಿ?’ ಎಂಬಂತಹ ಒಂದೇ ಪ್ರಶ್ನೆಯನ್ನು ಅಂಚಿನಲ್ಲಿ ಬರೆದು ಮರಳಿಸಿ. ಅಕ್ಷರದೋಷಗಳನ್ನು ಎರಡನೆಯ ಕರಡಿನಲ್ಲಿ ನೋಡಬಹುದು. ಒಂದು ಪ್ರಬಂಧಕ್ಕೆ ನಾಲ್ಕೈದು ಪೀರಿಯಡ್ ಹಿಡಿಯುತ್ತದೆ. ಆದ್ದರಿಂದ ತಿಂಗಳಿಗೆ ಒಂದನ್ನೇ ಬರೆಯಿಸಿ.