ಅಜ್ಜನ ಯುದ್ಧಕಾಲದ ಫೋಟೊ: ಅಚ್ಚು ಹಾಕಿಸಲು ಯಾರ ಅನುಮತಿ ಬೇಕು?

ಪ್ರಶ್ನೆ: ನಮ್ಮ ಅಜ್ಜ ಎರಡನೇ ಮಹಾಯುದ್ಧದಲ್ಲಿ ಬರ್ಮಾ ಗಡಿಯಲ್ಲಿದ್ದವರು. ಊರ ಶಾಲೆಯ ಸ್ಮರಣ ಸಂಚಿಕೆಗೆ ಮೂರು ಚಿತ್ರಗಳನ್ನು ಕೊಡಬೇಕೆಂದಿದ್ದೇನೆ. 1943ರಲ್ಲಿ ಅಜ್ಜ ರಜೆಯ ಮೇಲೆ ಬಂದಾಗ ಬಳ್ಳಾರಿಯ ಸ್ಟುಡಿಯೊದಲ್ಲಿ ತೆಗೆಸಿಕೊಂಡದ್ದು ಒಂದು. ಹೈದರಾಬಾದ್ ಪೊಲೀಸ್ ಕಾರ್ಯಾಚರಣೆಯ ವೇಳೆ, 1948ರ ಸೆಪ್ಟೆಂಬರಿನಲ್ಲಿ, ಪತ್ರಿಕೆಯಲ್ಲಿ ಬಂದ ಚಿತ್ರದ ತುಣುಕು ಇನ್ನೊಂದು. ಬ್ರಿಟಿಷ್ ಸೇನೆಯ ಛಾಯಾಗ್ರಾಹಕರು 1944ರಲ್ಲಿ ಬರ್ಮಾ ರಂಗದಲ್ಲಿ ತೆಗೆದದ್ದು, ಬ್ರಿಟನ್ನಿನ ವಸ್ತುಸಂಗ್ರಹಾಲಯದ ಜಾಲತಾಣದಿಂದ ಇಳಿಸಿಕೊಂಡದ್ದು ಮೂರನೆಯದು. ‘ಎಪ್ಪತ್ತು ವರ್ಷ ದಾಟಿದ ಮೇಲೆ ಯಾರ ಹಕ್ಕೂ ಇರುವುದಿಲ್ಲ’ ಎಂದು ಪ್ರೆಸ್ಸಿನವರು ಹೇಳುತ್ತಾರೆ. ನಿಜವೇ?
– ಓದುಗರು, ಗಂಗಾವತಿ

ಉತ್ತರ: ಪ್ರೆಸ್ಸಿನವರ ಮಾತನ್ನು ಹಾಗೆಯೇ ನಂಬಬೇಡಿ. ಚಿತ್ರ ಎಷ್ಟು ಹಳೆಯದು ಎಂಬುದೊಂದರಿಂದಲೇ ಹಕ್ಕು ತೀರ್ಮಾನವಾಗುವುದಿಲ್ಲ. ಅದನ್ನು ತೆಗೆದವರು ಯಾರು, ಯಾರ ಹಣದಲ್ಲಿ ತೆಗೆದರು, ಮೊದಲು ಅಚ್ಚಾದದ್ದು ಯಾವ ವರ್ಷ ಎಂಬ ಮೂರು ಸಂಗತಿಗಳು ಬೇಕು. ನಿಮ್ಮ ಮೂರು ಚಿತ್ರಗಳಿಗೂ ಉತ್ತರ ಬೇರೆ ಬೇರೆಯಾಗುವುದು ಈ ಕಾರಣಕ್ಕೆ.

ಪತ್ರಿಕೆಯ ತುಣುಕು ಎಲ್ಲಕ್ಕಿಂತ ಸುಲಭ. 1957ರ ಕೃತಿಸ್ವಾಮ್ಯ ಕಾಯ್ದೆಯು ಛಾಯಾಚಿತ್ರಕ್ಕೆ ಪ್ರಕಟಣೆಯಿಂದ 50 ವರ್ಷಗಳ ರಕ್ಷಣೆ ಕೊಟ್ಟಿತ್ತು. ರವೀಂದ್ರನಾಥ ಠಾಕೂರರು ತೀರಿಕೊಂಡು 50 ವರ್ಷ ತುಂಬಿ, ಅವರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯುವುದರಲ್ಲಿದ್ದಾಗ ಕೇಂದ್ರ ಸರ್ಕಾರವು ಆ ವರ್ಷದ ಡಿಸೆಂಬರ್ 28ರಿಂದ ಜಾರಿಗೆ ಬರುವಂತೆ ಅವಧಿಯನ್ನು 60 ವರ್ಷಕ್ಕೆ ಏರಿಸಿತು, ಅದರ ಲಾಭ ಛಾಯಾಚಿತ್ರಗಳಿಗೂ ಸಿಕ್ಕಿತು. ಅವಧಿಯನ್ನು ಎಣಿಸುವುದು ಪ್ರಕಟಣೆಯ ಮರುವರ್ಷದ ಜನವರಿಯಿಂದ. ಆ ಲೆಕ್ಕದಂತೆ 1948ರಲ್ಲಿ ಪತ್ರಿಕೆಯಲ್ಲಿ ಬಂದ ಚಿತ್ರದ ಹಕ್ಕು 2008ರ ಡಿಸೆಂಬರ್ 31ಕ್ಕೆ ಮುಗಿದಿದೆ. ಚಿತ್ರದ ಕೆಳಗಿನ ಸಾಲುಗಳಿಗೆ ಬರೆದವರ ಹೆಸರಿಲ್ಲದಿದ್ದರೆ ಅವುಗಳಿಗೂ ಇದೇ ಲೆಕ್ಕ. ಧಾರಾಳವಾಗಿ ಬಳಸಿಕೊಳ್ಳಿ.

ಇಲ್ಲಿ ಒಂದು ಗಡಿಯನ್ನು ನೆನಪಿಟ್ಟುಕೊಳ್ಳಬೇಕು. 2012ರ ತಿದ್ದುಪಡಿಯು ಛಾಯಾಚಿತ್ರಕ್ಕಿದ್ದ 25ನೇ ಕಲಮನ್ನೇ ತೆಗೆದುಹಾಕಿತು. ಆ ವರ್ಷದ ಜೂನ್ 21ರಿಂದ ಛಾಯಾಗ್ರಾಹಕರೂ ಕವಿ, ಕಾದಂಬರಿಕಾರರ ಸಾಲಿಗೆ ಬಂದರು. ಅವರ ಜೀವಿತಾವಧಿ ಮತ್ತು ಆ ನಂತರದ 60 ವರ್ಷ ಹಕ್ಕು ಉಳಿಯುತ್ತದೆ. ಆದರೆ ಅಷ್ಟರೊಳಗೆ ಮುಗಿದುಹೋಗಿದ್ದ ಹಕ್ಕಿಗೆ ಈ ತಿದ್ದುಪಡಿ ಮರುಜೀವ ಕೊಡಲಿಲ್ಲ. ಆದ್ದರಿಂದ 1951ರ ಕೊನೆಯೊಳಗೆ ನಮ್ಮ ದೇಶದಲ್ಲಿ ಪ್ರಕಟವಾದ ಚಿತ್ರಗಳು ಸಾರ್ವಜನಿಕ ಸ್ವತ್ತು. 1952ರಿಂದ ಈಚಿನವನ್ನು ಮುಟ್ಟುವಾಗ ಎಚ್ಚರ ಬೇಕು.

ಅಜ್ಜನ ಚಿತ್ರದ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಮ್ಮ ಜಿಲ್ಲೆಗಳಲ್ಲಿ ಉಳಿದಿರುವ ಯುದ್ಧಕಾಲದ ಚಿತ್ರಗಳಲ್ಲಿ ನಾನು ಕಂಡ ಹೆಚ್ಚಿನವು ಇಂಥವೇ. ಇಂಥದೊಂದು ಚಿತ್ರವನ್ನು ಕಟ್ಟಿನಿಂದ ಬಿಡಿಸಿ ನೋಡಿದ್ದು ನೆನಪಿದೆ: ಮುಂದೆ ಸಮವಸ್ತ್ರದ ಯುವಕ, ಹಿಂದೆ ಸ್ಟುಡಿಯೊದ ನೇರಳೆ ಮುದ್ರೆ, ಪೆನ್ಸಿಲ್ಲಿನಲ್ಲಿ ಬರೆದ ನೆಗೆಟಿವ್ ಸಂಖ್ಯೆ, ಗುಂಡುಸೂಜಿಯ ತುಕ್ಕಿನ ಕಲೆ. ಹಿಂದಿನ ಮುದ್ರೆಯನ್ನು ನೋಡಿದ ಕೂಡಲೇ ಹಕ್ಕು ಸ್ಟುಡಿಯೊದವರದು ಎಂದು ಮನೆಯವರು ಅಂಜುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. ಬೇರೆ ಕರಾರು ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿಕೊಂಡ ಚಿತ್ರದ ಮೊದಲ ಹಕ್ಕುದಾರರು ತೆಗೆಸಿಕೊಂಡವರೇ. ಈಗಿನ ಕಾಯ್ದೆಯ 17ನೇ ಕಲಮಿನಲ್ಲಿರುವ ಈ ನಿಯಮವು ಬ್ರಿಟಿಷರ ಕಾಲದ ಕಾಯ್ದೆಯಲ್ಲೂ ಇತ್ತು. ನೆಗೆಟಿವ್ ಸ್ಟುಡಿಯೊದ ಪೆಟ್ಟಿಗೆಯಲ್ಲೇ ಉಳಿದಿದ್ದರೂ ಅಜ್ಜನ ಹಕ್ಕಿಗೆ ಅದರಿಂದ ಕುಂದಿಲ್ಲ.

ಮನೆಯವರ ಕೈಗೆ ಕೊಟ್ಟ ಪ್ರತಿಯನ್ನು ಕಾನೂನು ‘ಪ್ರಕಟಣೆ’ ಎಂದು ಗಣಿಸುವುದಿಲ್ಲವಾದ್ದರಿಂದ ಈ ಚಿತ್ರದ ಅವಧಿ ಮುಗಿದಿದೆ ಎಂದು ಕಣ್ಣುಮುಚ್ಚಿ ಹೇಳಲಾಗದು. ಆದರೆ ಹಕ್ಕು ಇದೆ ಎಂದಿಟ್ಟುಕೊಂಡರೂ ಅದು ಅಜ್ಜನ ವಾರಸುದಾರರದು, ಎಂದರೆ ನಿಮ್ಮೆಲ್ಲರದು. ನೀವೊಬ್ಬರೇ ಸಹಿ ಮಾಡಿ ಕೊಡದೆ ದೊಡ್ಡಪ್ಪ, ಚಿಕ್ಕಪ್ಪ, ಅತ್ತೆಯರ ಮನೆಯವರ ಒಪ್ಪಿಗೆಯನ್ನೂ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಚಿತ್ರ ಯಾರ ಟ್ರಂಕಿನಲ್ಲಿದೆಯೋ ಹಕ್ಕೂ ಅವರದೇ ಎಂಬುದು ನಮ್ಮಲ್ಲಿ ಬಹಳ ಜನ ನಂಬಿರುವ ತಪ್ಪು ತಿಳಿವಳಿಕೆ. ಅಜ್ಜನ ಜೊತೆಗಿದ್ದ ಸಿಪಾಯಿಯೊಬ್ಬರು ಸ್ನೇಹಕ್ಕಾಗಿ ಕ್ಲಿಕ್ಕಿಸಿದ ಚಿತ್ರವಾಗಿದ್ದರೆ ಅದು ನಿಮ್ಮ ಮನೆಯಲ್ಲೇ ಇದ್ದರೂ ಕೇಳಬೇಕಾದದ್ದು ಅವರ ಮನೆಯವರನ್ನು. ಅವರು ಯಾರೆಂದೇ ಗೊತ್ತಾಗದಿದ್ದರೆ, ಕರ್ತೃ ಪತ್ತೆಯಾಗದ ಕೃತಿಗೆ ಪರವಾನಗಿ ಪಡೆಯಲು 31ಎ ಕಲಮಿನಲ್ಲಿ ಅವಕಾಶವಿದೆ. ಶಾಲೆಯ ಸಂಚಿಕೆಯೊಂದಕ್ಕೆ ಅದು ಭಾರವಾದ ದಾರಿ, ಆ ಚಿತ್ರವನ್ನು ಬಿಡುವುದೇ ಲೇಸು.

ಬರ್ಮಾದ ಚಿತ್ರಕ್ಕೆ ಬ್ರಿಟನ್ನಿನ ಕಾನೂನನ್ನು ನೋಡಬೇಕು. 1957ರ ಜೂನ್ 1ಕ್ಕಿಂತ ಮುಂಚೆ ಅಲ್ಲಿನ ಸರ್ಕಾರಕ್ಕಾಗಿ ತೆಗೆದ ಚಿತ್ರಗಳ ಹಕ್ಕು, ತೆಗೆದ ವರ್ಷದಿಂದ 50 ವರ್ಷಕ್ಕೆ ಮುಗಿಯುತ್ತದೆ. 1944ರ ಚಿತ್ರದ್ದು 1994ರ ಕೊನೆಗೇ ಮುಗಿಯಿತು. ತವರಿನಲ್ಲಿ ಮುಗಿದ ಹಕ್ಕು ಇಲ್ಲಿ ಅದಕ್ಕಿಂತ ಹೆಚ್ಚು ಕಾಲ ನಡೆಯುವುದಿಲ್ಲ. ಹಾಗಿದ್ದೂ ಜಾಲತಾಣದವರು ದೊಡ್ಡ ಅಳತೆಯ ಪ್ರತಿಗೆ ಶುಲ್ಕ ಕೇಳಬಹುದು, ಬಳಕೆಗೆ ಷರತ್ತು ಹಾಕಬಹುದು. ಅದು ನೀವು ಒಪ್ಪಿಕೊಂಡ ಕರಾರಿನ ಮಾತು, ಕೃತಿಸ್ವಾಮ್ಯದ್ದಲ್ಲ. ಆ ಷರತ್ತುಗಳನ್ನು ಓದಿ ನಡೆದುಕೊಳ್ಳಿ. ಹಳೆಯ ಚಿತ್ರವನ್ನು ಇದ್ದಂತೆಯೇ ಸ್ಕ್ಯಾನ್ ಮಾಡಿದ ಮಾತ್ರಕ್ಕೆ ಹೊಸ ಹಕ್ಕು ಹುಟ್ಟುತ್ತದೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಕೃತಿಯಲ್ಲಿ ಕನಿಷ್ಠ ಮಟ್ಟದ ಸೃಜನಶೀಲತೆಯಾದರೂ ಇರಬೇಕೆಂದು ಸುಪ್ರೀಂ ಕೋರ್ಟ್ 2007ರ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ಹೇಳಿದೆ. ಅದೇ ಸಂಗ್ರಹದಲ್ಲಿ ಖಾಸಗಿ ಸುದ್ದಿಸಂಸ್ಥೆಗಳ ಚಿತ್ರಗಳೂ ಇರಬಹುದು, ಆದ್ದರಿಂದ ಜಾಲತಾಣದಲ್ಲಿ ಚಿತ್ರದ ಕೆಳಗಿರುವ ವಿವರಣೆಯಲ್ಲಿ ಛಾಯಾಗ್ರಾಹಕರು ಸೇನೆಯವರೇ ಎಂಬುದನ್ನು ಖಚಿತಪಡಿಸಿಕೊಳ್ಳಿ.

ಪ್ರೆಸ್ಸಿಗೆ ಕೊಡುವ ಮುನ್ನ ಅಜ್ಜನ ಚಿತ್ರದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿಸಿ. ಹಕ್ಕಿನ ಪ್ರಶ್ನೆ ಎದ್ದರೆ ಸಾಕ್ಷಿ ಹೇಳುವುದು ಆ ಮುದ್ರೆ ಮತ್ತು ಸಂಖ್ಯೆಯೇ.

ಪ್ರಶ್ನೆ: 1971ರ ಯುದ್ಧದ ಚಿತ್ರಗಳಿಗೂ ಇದೇ ನಿಯಮವೇ?
– ಓದುಗರು, ರಾಯಚೂರು

ಉತ್ತರ: ಅಲ್ಲ. ಭಾರತ ಸರ್ಕಾರದ ಹಕ್ಕಿನ ಚಿತ್ರವಾಗಿದ್ದರೆ ಪ್ರಕಟಣೆಯಿಂದ 60 ವರ್ಷ. 1971ರಲ್ಲೇ ಪ್ರಕಟವಾದದ್ದು 2031ರ ಕೊನೆಯವರೆಗೆ ಸರ್ಕಾರದ್ದು. ಖಾಸಗಿ ಛಾಯಾಗ್ರಾಹಕರು ತೆಗೆದು ಆಗಲೇ ಪ್ರಕಟಿಸಿದ್ದರೆ ಅವರು ತೀರಿಕೊಂಡ ವರ್ಷದಿಂದ ಲೆಕ್ಕ. 1990ರಲ್ಲಿ ತೀರಿಕೊಂಡವರ ಚಿತ್ರದ ಹಕ್ಕು 2050ರ ಕೊನೆಯವರೆಗೂ ಇರುತ್ತದೆ. ಎರಡಕ್ಕೂ ಲಿಖಿತ ಅನುಮತಿ ಬೇಕು. ಪತ್ರ ಬರೆಯುವಾಗ ಚಿತ್ರದ ಒಂದು ಚಿಕ್ಕ ಪ್ರತಿಯನ್ನು ಲಗತ್ತಿಸಿ, ಎಷ್ಟು ಪ್ರತಿ ಅಚ್ಚಾಗುತ್ತದೆ, ಸಂಚಿಕೆಗೆ ಬೆಲೆ ಇದೆಯೇ ಎಂಬುದನ್ನು ಮೊದಲೇ ತಿಳಿಸಿ.